ಒಬ್ಬರ ಪ್ರಾಣ, ಹನ್ನೊಂದು ಮಂದಿಯ ಲೆಕ್ಕ: ‘ಬ್ಯಾಟ್ 21’ ಚಿತ್ರವನ್ನು ಕುರಿತು

ಯುದ್ಧವನ್ನು ಕುರಿತ ಚಲನಚಿತ್ರಗಳಲ್ಲಿ ಎರಡು ಬಗೆ. ಶತ್ರುವನ್ನು ಕೊಲ್ಲುವುದನ್ನು ತೋರಿಸುವಂಥವು ಒಂದು; ತಮ್ಮವರನ್ನು ಉಳಿಸಿಕೊಳ್ಳುವುದನ್ನು ತೋರಿಸುವಂಥವು ಇನ್ನೊಂದು. ಮೊದಲನೆಯ ಬಗೆಗೆ ಲೆಕ್ಕವೇ ಇಲ್ಲ. ಎರಡನೆಯವು ಕಡಿಮೆ. ಇವನ್ನು ಮನೆಮಂದಿಯೆಲ್ಲ ಕೂಡಿ ಕುಳಿತು ನೋಡಬಹುದು, ಮುಗಿದಾಗ ಮನಸ್ಸು ಹಗುರವಾಗುತ್ತದೆ. ಆದರೆ ನಮ್ಮ ಅಭಿಪ್ರಾಯದಲ್ಲಿ ಈ ಎರಡನೆಯ ಬಗೆಯನ್ನೇ ಹೆಚ್ಚು ಎಚ್ಚರದಿಂದ ನೋಡಬೇಕು. ಕೊಲ್ಲುವ ಚಿತ್ರ ಸುಳ್ಳು ಹೇಳಿದರೆ ನಮಗೆ ಬೇಗ ತಿಳಿಯುತ್ತದೆ. ಉಳಿಸುವ ಚಿತ್ರ ಸುಳ್ಳು ಹೇಳಿದರೆ, ಕಣ್ಣು ತೇವವಾಗಿರುವ ಹೊತ್ತಿನಲ್ಲಿ ಅದು ಗಮನಕ್ಕೇ ಬರುವುದಿಲ್ಲ.

ಅಂಥದೊಂದು ಚಿತ್ರ ‘ಬ್ಯಾಟ್ 21’. ಅಮೆರಿಕದಲ್ಲಿ 1988ರಲ್ಲಿ ತೆರೆಕಂಡ ಈ ಚಿತ್ರದ ನಿರ್ದೇಶಕರು ಪೀಟರ್ ಮಾರ್ಕಲ್. ಮುಖ್ಯ ಪಾತ್ರಗಳಲ್ಲಿ ಜೀನ್ ಹ್ಯಾಕ್‌ಮನ್ ಮತ್ತು ಡ್ಯಾನಿ ಗ್ಲೋವರ್. ವಿಲಿಯಂ ಆಂಡರ್ಸನ್ ಎಂಬ ಲೇಖಕರು 1980ರಲ್ಲಿ ಇದೇ ಹೆಸರಿನಲ್ಲಿ ಬರೆದ ಪುಸ್ತಕ ಚಿತ್ರಕ್ಕೆ ಆಧಾರ; ಚಿತ್ರಕಥೆಯಲ್ಲೂ ಅವರ ಕೈಯಿದೆ. ವಿಯೆಟ್ನಾಂ ಯುದ್ಧದಲ್ಲಿ ನಿಜವಾಗಿ ನಡೆದ ಒಂದು ಶೋಧ ಮತ್ತು ರಕ್ಷಣಾ ಕಾರ್ಯಾಚರಣೆ ಇದರ ವಸ್ತು. ಆ ಯುದ್ಧದಲ್ಲಿ ಒಬ್ಬನೇ ವ್ಯಕ್ತಿಗಾಗಿ ನಡೆದ ಇಂಥ ಕಾರ್ಯಾಚರಣೆಗಳಲ್ಲೆಲ್ಲ ಇದೇ ದೊಡ್ಡದು ಎಂದು ಬಲ್ಲವರು ಬರೆದಿದ್ದಾರೆ.

ಇಷ್ಟು ಹಳೆಯ ಇಂಗ್ಲಿಷ್ ಚಿತ್ರದ ಬಗ್ಗೆ ಈಗೇಕೆ ಬರೆಯಬೇಕು ಎಂದು ಓದುಗರು ಕೇಳಬಹುದು. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಸೈನ್ಯಕ್ಕೆ, ವಾಯುಪಡೆಗೆ ಸೇರಿದ ಮಕ್ಕಳಿದ್ದಾರೆ, ಅಳಿಯಂದಿರಿದ್ದಾರೆ. ಸೇರಬೇಕೆಂದು ಹಂಬಲಿಸುವ ಹುಡುಗರೂ ಇದ್ದಾರೆ. ಮನೆಯ ಟಿ.ವಿ.ಯಲ್ಲೇ ದೇಶದೇಶಗಳ ಯುದ್ಧಚಿತ್ರಗಳು ಸಿಗುವ ಕಾಲ ಇದು. ಇವನ್ನು ನೋಡಿ ಆ ಹುಡುಗರು ಏನನ್ನು ಕಲಿಯುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಚಿತ್ರ ಹೇಳುವ ಕಥೆ

ಲೆಫ್ಟಿನೆಂಟ್ ಕರ್ನಲ್ ಹ್ಯಾಂಬಲ್‌ಟನ್ ಐವತ್ತು ದಾಟಿದ ಅಧಿಕಾರಿ. ಯುದ್ಧವನ್ನು ಎತ್ತರದಿಂದ, ನಕ್ಷೆಗಳ ಮೂಲಕ ಕಂಡವನೇ ಹೊರತು ನೆಲದ ಮೇಲೆ ನಿಂತು ಕಂಡವನಲ್ಲ. ಅವನಿದ್ದ ವಿಮಾನಕ್ಕೆ ಕ್ಷಿಪಣಿ ಬಡಿಯುತ್ತದೆ. ಪ್ಯಾರಾಶೂಟಿನಲ್ಲಿ ಇಳಿದರೆ ಸುತ್ತಲೂ ಶತ್ರು ಸೈನ್ಯ. ಕೈಯಲ್ಲಿ ಒಂದು ಪುಟ್ಟ ರೇಡಿಯೋ. ಮೇಲೆ ಸಣ್ಣ ವಿಮಾನವೊಂದರಲ್ಲಿ ಸುತ್ತುತ್ತಿರುವ ಕ್ಯಾಪ್ಟನ್ ಕ್ಲಾರ್ಕ್ ಎಂಬ ಚಾಲಕ ಆ ರೇಡಿಯೋದಲ್ಲಿ ಅವನಿಗೆ ಜೊತೆಯಾಗುತ್ತಾನೆ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಶತ್ರುಗಳೂ ಆಲಿಸುತ್ತಿರುವುದರಿಂದ ದಾರಿಯನ್ನು ನೇರವಾಗಿ ಹೇಳುವಂತಿಲ್ಲ. ಹ್ಯಾಂಬಲ್‌ಟನ್ ಗಾಲ್ಫ್ ಆಟದ ಹುಚ್ಚ. ತಾನು ಆಡಿ ಬಲ್ಲ ಮೈದಾನಗಳ ಗುಳಿಗಳ ದಿಕ್ಕು, ದೂರಗಳನ್ನೇ ಗುಪ್ತಭಾಷೆ ಮಾಡಿಕೊಂಡು ಅವನು ಕಾಡಿನಲ್ಲಿ ನಡೆಯುತ್ತಾನೆ. ಕೊನೆಗೆ ಕ್ಲಾರ್ಕನೇ ಹೆಲಿಕಾಪ್ಟರ್ ಹತ್ತಿ ಅವನನ್ನು ಕರೆತರಲು ಇಳಿಯುತ್ತಾನೆ.

ಚಿತ್ರದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಹ್ಯಾಕ್‌ಮನ್ ಅವರ ಅಭಿನಯ ಬಹಳ ಸಂಯಮದ್ದು. ಎಲ್ಲಿಯೂ ಎದೆ ತಟ್ಟಿಕೊಳ್ಳುವ ವೀರನಲ್ಲ. ವಯಸ್ಸಾದ, ದಣಿದ, ಹೆದರಿದ ಮನುಷ್ಯನೊಬ್ಬ ಕೆಸರಿನಲ್ಲಿ ಕಾಲೆಳೆಯುವುದನ್ನು ಅವರು ನಂಬುವಂತೆ ತೋರಿಸಿದ್ದಾರೆ. ಹಸಿವು ತಾಳದೆ ಒಂದು ಗುಡಿಸಿಲಿನಲ್ಲಿ ಆಹಾರಕ್ಕೆ ಕೈಹಾಕಿ, ಆ ಮನೆಯವನನ್ನೇ ಆತ್ಮರಕ್ಷಣೆಗಾಗಿ ಕೊಲ್ಲಬೇಕಾಗಿ ಬರುವ ದೃಶ್ಯವಂತೂ ಮರೆಯುವಂಥದಲ್ಲ. ಮೇಲಿನಿಂದ ಬಾಂಬು ಹಾಕಿಸುತ್ತಿದ್ದವನು ಮೊದಲ ಬಾರಿಗೆ ಸತ್ತವನ ಮುಖವನ್ನು ನೋಡುತ್ತಾನೆ. ಗ್ಲೋವರ್ ಅವರ ಧ್ವನಿ ಈ ಚಿತ್ರದ ಅರ್ಧ ಜೀವ. ಕಾಣದ ವ್ಯಕ್ತಿಯೊಬ್ಬನಿಗೆ ಧೈರ್ಯ ಹೇಳುವಾಗ ಅದರಲ್ಲಿ ಅಣ್ಣನ ಸಲುಗೆಯೂ ಇದೆ, ಕೆಲಸದ ಕಟ್ಟುನಿಟ್ಟೂ ಇದೆ. ಮಲೇಷಿಯಾದ ಸಾಬಾ ಪ್ರಾಂತದಲ್ಲಿ ಚಿತ್ರೀಕರಿಸಿದ ಕಾಡು ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಚಿತ್ರ ಬೇಸರ ತರಿಸುವುದಿಲ್ಲ.

ಇಷ್ಟೆಲ್ಲ ಇದ್ದೂ ನಾವು ಈ ಚಿತ್ರವನ್ನು ಪೂರ್ತಿಯಾಗಿ ಒಪ್ಪಲಾರೆವು. ಕಾರಣ ತಿಳಿಯಬೇಕಾದರೆ ನಿಜವಾಗಿ ಏನು ನಡೆಯಿತು ಎಂಬುದನ್ನು ದಿನಾಂಕವಾರು ನೋಡಬೇಕು.

ನಡೆದದ್ದು

1972ರ ಮಾರ್ಚ್ 30ರಂದು ಉತ್ತರ ವಿಯೆಟ್ನಾಂ ಸೈನ್ಯ ಗಡಿಯ ಸೇನಾಮುಕ್ತ ವಲಯವನ್ನು ದಾಟಿ ದಕ್ಷಿಣದ ಕ್ವಾಂಗ್ ಟ್ರಿ ಪ್ರಾಂತಕ್ಕೆ ನುಗ್ಗಿತು. ಟ್ಯಾಂಕುಗಳು, ಫಿರಂಗಿಗಳು, ಕ್ಷಿಪಣಿಗಳು ಎಲ್ಲವೂ ಜೊತೆಗಿದ್ದವು. ಮೂರು ದಿನಗಳ ನಂತರ, ಏಪ್ರಿಲ್ 2ರ ಈಸ್ಟರ್ ಭಾನುವಾರ, ಬಿ-52 ಬಾಂಬರುಗಳಿಗೆ ಬೆಂಗಾವಲಾಗಿ ಎರಡು ಇಬಿ-66 ವಿಮಾನಗಳು ಹೊರಟವು. ಅವುಗಳಲ್ಲೊಂದರ ರೇಡಿಯೋ ಹೆಸರು ‘ಬ್ಯಾಟ್ 21’.

ಈ ಇಬಿ-66 ವಿಮಾನದ ಕೆಲಸವನ್ನು ಸ್ವಲ್ಪ ವಿವರಿಸಬೇಕು. ನೆಲದಿಂದ ಹಾರಿಸುವ ಕ್ಷಿಪಣಿಗೆ ದಾರಿ ತೋರಿಸುವುದು ನೆಲದ ಮೇಲಿನ ರಾಡಾರ್. ರಾಡಾರ್ ಕಳುಹಿಸಿದ ಅಲೆ ವಿಮಾನಕ್ಕೆ ಬಡಿದು ಹಿಂದಿರುಗಿದರೆ ಅದರ ಜಾಗ ತಿಳಿಯುತ್ತದೆ. ಅದೇ ಆವರ್ತನದಲ್ಲಿ ಬೇರೊಂದು ವಿಮಾನದಿಂದ ಬಲವಾದ ಗದ್ದಲದ ಅಲೆಗಳನ್ನು ಬಿಟ್ಟರೆ, ಸಂತೆಯ ಗಲಾಟೆಯಲ್ಲಿ ಒಬ್ಬರ ಮಾತು ಕೇಳಿಸದಂತೆ, ಹಿಂದಿರುಗುವ ಸಣ್ಣ ಅಲೆ ರಾಡಾರಿಗೆ ಸಿಗುವುದಿಲ್ಲ. ಹೀಗೆ ಶತ್ರುವಿನ ರಾಡಾರನ್ನು ಕುರುಡು ಮಾಡುವುದೇ ಇಬಿ-66ರ ಕೆಲಸ. ಅಂದು ಆ ರಕ್ಷಣೆ ಸಾಲಲಿಲ್ಲ. ಕ್ಷಿಪಣಿ ಬಡಿಯಿತು. ವಿಮಾನದಲ್ಲಿ ಆರು ಮಂದಿ ಇದ್ದರು. ಹೊರಬಂದವರು ನ್ಯಾವಿಗೇಟರ್ ಆಗಿದ್ದ 53 ವರ್ಷದ ಐಸೀಲ್ ಹ್ಯಾಂಬಲ್‌ಟನ್ ಒಬ್ಬರೇ. ಉಳಿದ ಐವರೂ ಸತ್ತರು.

ಹ್ಯಾಂಬಲ್‌ಟನ್ ಇಳಿದದ್ದು ಕಾಮ್ ಲೋ ಎಂಬ ಊರಿನ ಹತ್ತಿರ, ಮುನ್ನುಗ್ಗುತ್ತಿದ್ದ ಸಾವಿರಾರು ಸೈನಿಕರ ನಟ್ಟನಡುವೆ. ರಕ್ಷಣೆ ಅದೇ ಸಂಜೆ ಶುರುವಾಯಿತು. ಮೊದಲು ಹೋದ ಭೂಸೇನೆಯ ಹೆಲಿಕಾಪ್ಟರ್ ಉರುಳಿತು: ಮೂವರು ಸತ್ತರು, ಒಬ್ಬರು ಸೆರೆಯಾದರು. ಮರುದಿನ, ಏಪ್ರಿಲ್ 3ರಂದು, ಹ್ಯಾಂಬಲ್‌ಟನ್ ಇರುವ ಜಾಗವನ್ನು ಖಚಿತವಾಗಿ ಗುರುತಿಸುವ ಉಪಕರಣವಿದ್ದ ಒವಿ-10 ವೀಕ್ಷಣಾ ವಿಮಾನವೊಂದು ಬಿತ್ತು. ಅದರಲ್ಲಿದ್ದ ಇಬ್ಬರಲ್ಲಿ ವಿಲಿಯಂ ಹೆಂಡರ್ಸನ್ ಸೆರೆಯಾದರು. ಮಾರ್ಕ್ ಕ್ಲಾರ್ಕ್ ನದಿಯ ದಡದಲ್ಲಿ ಅಡಗಿಕೊಂಡರು. ಈಗ ಉಳಿಸಬೇಕಾದವರು ಇಬ್ಬರಾದರು. ಏಪ್ರಿಲ್ 6ರಂದು ‘ಜಾಲಿ ಗ್ರೀನ್ 67’ ಎಂಬ ದೊಡ್ಡ ರಕ್ಷಣಾ ಹೆಲಿಕಾಪ್ಟರ್ ಹ್ಯಾಂಬಲ್‌ಟನ್ ಅವರ ಸಮೀಪದವರೆಗೂ ಬಂದು ಗುಂಡಿನ ಮಳೆಗೆ ಸಿಕ್ಕಿ ಉರಿದು ಬಿತ್ತು. ಅದರಲ್ಲಿದ್ದ ಆರು ಮಂದಿಯೂ ಹೋದರು. ಏಪ್ರಿಲ್ 7ರಂದು ಇನ್ನೊಂದು ಒವಿ-10 ಬಿತ್ತು. ಅದರಲ್ಲಿದ್ದ ಲ್ಯಾರಿ ಪಾಟ್ಸ್ ಹಿಂದಿರುಗಲಿಲ್ಲ. ಬ್ರೂಸ್ ವಾಕರ್ ಹನ್ನೊಂದು ದಿನ ಅಡಗಿದ್ದು, ಏಪ್ರಿಲ್ 18ರಂದು ಶತ್ರುಗಳ ಕೈಗೆ ಸಿಕ್ಕಿ ಸತ್ತರು.

ನಮ್ಮಂಥ ಗುಮಾಸ್ತರಿಗೆ ಕೂಡುವ ಲೆಕ್ಕ ಅಭ್ಯಾಸ. ಮೂರು, ಆರು, ಎರಡು: ಒಟ್ಟು ಹನ್ನೊಂದು ಸಾವು. ಇಬ್ಬರು ಸೆರೆ. ‘ಬ್ಯಾಟ್ 21’ರಲ್ಲೇ ಸತ್ತ ಐವರು ಈ ಲೆಕ್ಕದಲ್ಲಿಲ್ಲ, ಇವರೆಲ್ಲ ಬರೀ ರಕ್ಷಣೆಗಾಗಿ ಹೋದವರು. ಇದರ ಜೊತೆಗೆ ಎಂಟು ನೂರಕ್ಕೂ ಹೆಚ್ಚು ಬಾರಿ ಯುದ್ಧ ವಿಮಾನಗಳು ಆ ಪ್ರದೇಶದ ಮೇಲೆ ಹಾರಿ ದಾಳಿ ಮಾಡಿದವು.

ಜಾಲಿ ಗ್ರೀನ್ ಬಿದ್ದ ನಂತರ ವಿಯೆಟ್ನಾಮಿನಲ್ಲಿದ್ದ ಅಮೆರಿಕದ ಮಹಾದಂಡನಾಯಕ ಕ್ರೈಟನ್ ಏಬ್ರಮ್ಸ್ ಇನ್ನು ಹೆಲಿಕಾಪ್ಟರ್ ಕಳುಹಿಸಕೂಡದೆಂದು ತೀರ್ಮಾನಿಸಿದರು. ಆಕಾಶದ ದಾರಿ ಮುಚ್ಚಿತು. ಉಳಿದದ್ದು ನೆಲ ಮತ್ತು ನೀರು.

ಆಗ ಬಂದವರು ನೌಕಾಪಡೆಯ ಕಮಾಂಡೊ ಲೆಫ್ಟಿನೆಂಟ್ ಥಾಮಸ್ ನಾರಿಸ್. ವಯಸ್ಸು 28. ಅವರ ಜೊತೆಗಿದ್ದವರು ದಕ್ಷಿಣ ವಿಯೆಟ್ನಾಂ ನೌಕಾಪಡೆಯ ಕಮಾಂಡೊಗಳು. ಏಪ್ರಿಲ್ 10ರ ರಾತ್ರಿ ಐದು ಮಂದಿಯ ಈ ತಂಡ ಶತ್ರುಪ್ರದೇಶದೊಳಗೆ 2,000 ಮೀಟರ್ ಕಾಲ್ನಡಿಗೆಯಲ್ಲಿ ಹೋಯಿತು. ನದಿಯಲ್ಲಿ ತೇಲಿಕೊಂಡು ಬಂದ ಕ್ಲಾರ್ಕ್ ಅವರನ್ನು ಬೆಳಗಿನ ಜಾವ ಹುಡುಕಿ ತಂದಿತು. ಹ್ಯಾಂಬಲ್‌ಟನ್ ಅವರಿಗಾಗಿ ಮಾಡಿದ ಮುಂದಿನ ಎರಡು ಯತ್ನಗಳು ಫಲಿಸಲಿಲ್ಲ. ತಂಡದ ಕೆಲವರು ಇನ್ನು ಮುಂದೆ ಬರಲಾರೆವೆಂದರು. ಮುಂದೆ ಬರಲು ಸಿದ್ಧವಾಗಿ ನಿಂತವರು ಒಬ್ಬರೇ: ನುಯೆನ್ ವಾನ್ ಕಿಯೆಟ್. ಏಪ್ರಿಲ್ 12ರ ರಾತ್ರಿ ನಾರಿಸ್ ಮತ್ತು ಕಿಯೆಟ್ ಮೀನುಗಾರರ ವೇಷ ಹಾಕಿ, ಯಾರೋ ಬಿಟ್ಟುಹೋಗಿದ್ದ ಸಣ್ಣ ದೋಣಿಯೊಂದನ್ನು ಹಿಡಿದು ನದಿಯ ಮೇಲ್ಮುಖವಾಗಿ ಹುಟ್ಟು ಹಾಕುತ್ತ ಹೋದರು. ಗಾಯಗೊಂಡು ನಿತ್ರಾಣರಾಗಿದ್ದ ಹ್ಯಾಂಬಲ್‌ಟನ್ ಮುಂಜಾನೆ ಸಿಕ್ಕರು. ಅವರನ್ನು ದೋಣಿಯ ತಳದಲ್ಲಿ ಮಲಗಿಸಿ, ಮೇಲೆ ಬಿದಿರು ಸೊಪ್ಪು ಮುಚ್ಚಿ, ದಡದಿಂದ ಬರುತ್ತಿದ್ದ ಮೆಷಿನ್‌ಗನ್ ಗುಂಡುಗಳ ನಡುವೆ ವಿಮಾನದಾಳಿಯ ಸಹಾಯ ಕರೆದುಕೊಂಡು, ಏಪ್ರಿಲ್ 13ರಂದು ತಮ್ಮ ನೆಲೆ ಸೇರಿಸಿದರು. ಹನ್ನೊಂದು ದಿನ ಕಳೆದಿತ್ತು.

ಚಿತ್ರ ಬಿಟ್ಟದ್ದು

ಈಗ ಚಿತ್ರವನ್ನೂ ಈ ವಿವರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಮೊದಲನೆಯದಾಗಿ, ಚಿತ್ರದಲ್ಲಿ ನಾರಿಸ್ ಇಲ್ಲ. ಕಿಯೆಟ್ ಇಲ್ಲ. ದೋಣಿಯೂ ಇಲ್ಲ, ಮೀನುಗಾರರ ವೇಷವೂ ಇಲ್ಲ. ಹ್ಯಾಂಬಲ್‌ಟನ್ ಅವರನ್ನು ಯಾರು ಕೈಹಿಡಿದು ತಂದರೋ ಅವರೇ ಕಥೆಯಿಂದ ಮಾಯವಾಗಿದ್ದಾರೆ. ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ಓದುಗರಿಗೆ ಇದು ಅಪರಿಚಿತವಲ್ಲ: ರಾತ್ರಿ ಕುಳಿತು ಕಡತ ಓದಿ ಟಿಪ್ಪಣಿ ಬರೆದವನು ಒಬ್ಬ, ಕೊನೆಯಲ್ಲಿ ಸಹಿ ಹಾಕಿ ಹೆಸರು ಪಡೆದವನು ಇನ್ನೊಬ್ಬ. ಆದರೆ ಕಡತದಲ್ಲಿ ಕಡೇ ಪಕ್ಷ ಟಿಪ್ಪಣಿ ಬರೆದವನ ಮೊದಲಕ್ಷರವಾದರೂ ಉಳಿದಿರುತ್ತದೆ. ಇಲ್ಲಿ ಅದೂ ಉಳಿಯಲಿಲ್ಲ.

ಕಾರ್ಯಾಚರಣೆಯ ವಿವರಗಳು ಆಗ ಗೋಪ್ಯವಾಗಿದ್ದವು, ಆದ್ದರಿಂದ ಪುಸ್ತಕದಲ್ಲೂ ಚಿತ್ರದಲ್ಲೂ ಹೇಳಲಾಗಲಿಲ್ಲ ಎಂದು ಸಮಾಧಾನ ಹೇಳುವುದುಂಟು. ಪುಸ್ತಕಕ್ಕೆ ಈ ಮಾತನ್ನು ಸ್ವಲ್ಪಮಟ್ಟಿಗೆ ಒಪ್ಪಬಹುದು. ಚಿತ್ರಕ್ಕೆ ಒಪ್ಪುವುದು ಕಷ್ಟ. ಇದೇ ಸಾಹಸಕ್ಕಾಗಿ 1976ರ ಮಾರ್ಚ್‌ನಲ್ಲಿ ಅಧ್ಯಕ್ಷ ಫೋರ್ಡ್ ಅವರು ಅಮೆರಿಕದ ಅತ್ಯುನ್ನತ ಶೌರ್ಯಪದಕ ‘ಮೆಡಲ್ ಆಫ್ ಆನರ್’ ಅನ್ನು ನಾರಿಸ್ ಅವರಿಗೆ ತೊಡಿಸಿದ್ದರು. ದೋಣಿ, ವೇಷ, ಬಿದಿರು ಸೊಪ್ಪು ಎಲ್ಲವೂ ಆ ಪದಕದ ಪ್ರಶಸ್ತಿಪತ್ರದಲ್ಲಿವೆ. ಚಿತ್ರ ಬಂದದ್ದು ಅದಾದ ಹನ್ನೆರಡು ವರ್ಷಗಳ ಮೇಲೆ. ಹೆಸರು ಬದಲಿಸಿಯಾದರೂ ಆ ಇಬ್ಬರು ಮನುಷ್ಯರನ್ನು ತೋರಿಸುವುದಕ್ಕೆ ಯಾವ ಗೋಪ್ಯವೂ ಅಡ್ಡ ಬರುತ್ತಿರಲಿಲ್ಲ.

ಕಿಯೆಟ್ ಅವರನ್ನು ಕೈಬಿಟ್ಟದ್ದು ಇನ್ನೂ ದೊಡ್ಡ ತಪ್ಪೆಂದು ನಾವು ತಿಳಿಯುತ್ತೇವೆ. ನಾರಿಸ್ ಹೋದದ್ದು ತಮ್ಮ ದೇಶದವರಿಗಾಗಿ. ಕಿಯೆಟ್ ಅವರಿಗೆ ಹ್ಯಾಂಬಲ್‌ಟನ್ ಯಾರು? ಭಾಷೆ ಬೇರೆ, ದೇಶ ಬೇರೆ, ಪಡೆ ಬೇರೆ. ಅದೇ ವಾರ ಅವರ ಸ್ವಂತ ನಾಡು ಊರೂರೇ ಕೈತಪ್ಪಿ ಹೋಗುತ್ತಿತ್ತು. ಆದರೂ ಬರುತ್ತೇನೆಂದು ದೋಣಿ ಹತ್ತಿದರು. ಅವರಿಗೆ ಅಮೆರಿಕ ‘ನೇವಿ ಕ್ರಾಸ್’ ಪದಕ ಕೊಟ್ಟಿತು. ದಕ್ಷಿಣ ವಿಯೆಟ್ನಾಂ ನೌಕಾಪಡೆಯಲ್ಲಿ ಆ ಪದಕ ಪಡೆದವರು ಅವರೊಬ್ಬರೇ. ಮುಂದೆ ಅವರ ದೇಶವೇ ನಕ್ಷೆಯಿಂದ ಅಳಿಸಿಹೋಯಿತು. ಅವರು ಅಮೆರಿಕದಲ್ಲಿ ನೆಲೆಸಿದರು. ಚಿತ್ರದಲ್ಲಿ ಕಾಣುವ ವಿಯೆಟ್ನಾಮಿಗಳಾದರೋ ಹೆಚ್ಚಿನವರು ಬಂದೂಕು ಹಿಡಿದ ಶತ್ರುಗಳು, ಇಲ್ಲವೇ ಸಾಯುವ ಬಡವರು. ಅಮೆರಿಕನ್ ಪ್ರಾಣವೊಂದನ್ನು ಉಳಿಸಿದ ವಿಯೆಟ್ನಾಮಿಗೆ ಅಲ್ಲಿ ಜಾಗವಿಲ್ಲ. ಹೊಟ್ಟೆಪಾಡಿಗಾಗಿ ಪರಊರಿಗೆ ಬಂದು, ಅಲ್ಲಿನವರ ಕಷ್ಟಸುಖಕ್ಕೆ ಹೆಗಲು ಕೊಟ್ಟು, ಆಮೇಲೆ ಲೆಕ್ಕದಿಂದ ಬಿಟ್ಟುಹೋಗುವುದು ಎಂದರೇನೆಂದು ನಮ್ಮ ಹಿರಿಯರಲ್ಲಿ ಕೆಲವರಿಗಾದರೂ ಗೊತ್ತು.

ಎರಡನೆಯದಾಗಿ, ಕ್ಯಾಪ್ಟನ್ ಕ್ಲಾರ್ಕ್ ಎಂಬ ಪಾತ್ರ. ಹ್ಯಾಂಬಲ್‌ಟನ್ ಹಿಡಿದಿದ್ದಂಥ ಪುಟ್ಟ ರೇಡಿಯೋದ ಅಲೆಗಳು ನೇರ ದಾರಿಯಲ್ಲಿ ಮಾತ್ರ ಹೋಗುತ್ತವೆ. ಬೆಟ್ಟ ಅಡ್ಡ ಬಂದರೆ ಮಾತು ನಿಂತಿತು. ಆದ್ದರಿಂದ ಮೇಲೆ ಯಾವಾಗಲೂ ಒಂದು ವಿಮಾನ ಸುತ್ತುತ್ತಲೇ ಇರಬೇಕು. ಆ ವಿಮಾನದವರು ಅವರ ಮಾತು ಕೇಳಬೇಕು, ಶತ್ರುವಿನ ಫಿರಂಗಿ ಎಲ್ಲಿದೆ ನೋಡಬೇಕು, ಬಾಂಬರುಗಳಿಗೆ ಗುರಿ ತೋರಿಸಬೇಕು. ಹಗಲೂ ರಾತ್ರಿ ಹನ್ನೊಂದು ದಿನ ಇದನ್ನು ಒಬ್ಬರೇ ಮಾಡಲು ಸಾಧ್ಯವೇ? ನಿಜದಲ್ಲಿ ಅನೇಕ ಚಾಲಕರು ಸರದಿಯ ಮೇಲೆ ಹಾರಿದರು. ಒಬ್ಬರು ಇಂಧನ ಮುಗಿದು ಹಿಂದಿರುಗುವಾಗ ಇನ್ನೊಬ್ಬರು ಬಂದು ನಿಂತಿರುತ್ತಿದ್ದರು. ಅವರೆಲ್ಲರನ್ನೂ ಸೇರಿಸಿ ಚಿತ್ರ ಒಬ್ಬನೇ ಕ್ಲಾರ್ಕನನ್ನು ಮಾಡಿದೆ. ನಾಟಕಕ್ಕೆ ಇದು ಅನುಕೂಲ, ಅದನ್ನು ನಾವು ಬಲ್ಲೆವು. ಹತ್ತು ಜನರನ್ನು ರಂಗದ ಮೇಲೆ ತಂದರೆ ಪ್ರೇಕ್ಷಕರಿಗೆ ಯಾರೂ ನೆನಪಿರುವುದಿಲ್ಲ. ಆದರೆ ಅದೇ ಕ್ಲಾರ್ಕನನ್ನು ಕೊನೆಗೆ ಹೆಲಿಕಾಪ್ಟರಿನಲ್ಲಿ ಇಳಿಸಿ, ನಾರಿಸ್–ಕಿಯೆಟ್ ಅವರ ಕೆಲಸವನ್ನೂ ಅವನಿಗೇ ವಹಿಸಿದಾಗ ಅನುಕೂಲ ಹೋಗಿ ಅನ್ಯಾಯವಾಗುತ್ತದೆ. ರಕ್ಷಣೆಯೆಂದರೆ ಆಜ್ಞೆ ಮೀರಿದ ಒಬ್ಬ ಗೆಳೆಯನ ಹುಂಬ ಧೈರ್ಯ ಎಂಬ ಭಾವನೆ ಹುಡುಗರಿಗೆ ಬರುತ್ತದೆ. ಅದು ಸರದಿಯ ಪಟ್ಟಿ, ನಕ್ಷೆ, ಇಂಧನದ ಲೆಕ್ಕ, ಕಾಯುವಿಕೆ ಇವುಗಳ ಕೆಲಸ ಎಂಬುದು ತಿಳಿಯುವುದಿಲ್ಲ.

ಮೂರನೆಯದಾಗಿ, ಸತ್ತವರ ಲೆಕ್ಕ. ಚಿತ್ರದಲ್ಲೂ ರಕ್ಷಣೆಗೆ ಬಂದ ಹೆಲಿಕಾಪ್ಟರ್ ಒಂದು ಬೀಳುತ್ತದೆ, ಅದರಲ್ಲಿದ್ದವರು ಸಾಯುತ್ತಾರೆ. ನೋಡುವವರ ಎದೆ ನಡುಗುತ್ತದೆ. ಆದರೆ ಒಂದರ ಹಿಂದೊಂದು ಬಿದ್ದದ್ದು, ಒಬ್ಬರನ್ನು ಉಳಿಸಲು ಹೋಗಿ ಉಳಿಸಬೇಕಾದವರ ಸಂಖ್ಯೆಯೇ ಬೆಳೆದದ್ದು, ಬ್ರೂಸ್ ವಾಕರ್ ಎಂಬವರು ಹ್ಯಾಂಬಲ್‌ಟನ್ ಮನೆ ಸೇರುವ ದಾರಿ ಹಿಡಿದ ಮೇಲೂ ಐದು ದಿನ ಅದೇ ನೆಲದಲ್ಲಿ ಅಡಗಿದ್ದು ಸತ್ತದ್ದು, ಇವಾವುವೂ ಇಲ್ಲ. ನಮ್ಮ ದೃಷ್ಟಿಯಲ್ಲಿ ಈ ಇಡೀ ಘಟನೆಯ ಅತ್ಯಂತ ನೋವಿನ ಸಂಗತಿ ವಾಕರ್ ಅವರದು. ಅವರಿಗೂ ರೇಡಿಯೋ ಇತ್ತು, ಅವರ ಮಾತನ್ನೂ ಮೇಲೆ ಕೇಳುತ್ತಿದ್ದರು. ಅವರನ್ನು ತರಲು ಮಾತ್ರ ಆಗಲಿಲ್ಲ.

ನಾಲ್ಕನೆಯ ಸಂಗತಿ ಎಲ್ಲಕ್ಕಿಂತ ಇಕ್ಕಟ್ಟಿನದು. ಹ್ಯಾಂಬಲ್‌ಟನ್ ಅವರಿಗೆ ತಮ್ಮವರ ಗುಂಡೇ ತಗಲಬಾರದೆಂದು ಅವರ ಸುತ್ತ 27 ಕಿಲೋಮೀಟರ್ ತ್ರಿಜ್ಯದ ಗುಂಡು ನಿಷೇಧ ವಲಯವನ್ನು ಸಾರಲಾಯಿತು. ರಕ್ಷಣೆಯ ಹೊಣೆ ಹೊತ್ತವರ ಅನುಮತಿ ಇಲ್ಲದೆ ಅಲ್ಲಿ ಫಿರಂಗಿ ಹಾರಿಸುವಂತಿಲ್ಲ, ಬಾಂಬು ಹಾಕುವಂತಿಲ್ಲ. ಶತ್ರುವಿನ ಮಹಾದಾಳಿಗೆ ಎದೆಯೊಡ್ಡಿ ನಿಂತಿದ್ದ ದಕ್ಷಿಣ ವಿಯೆಟ್ನಾಮಿನ ಮೂರನೆಯ ಡಿವಿಜನ್ ಇದ್ದದ್ದೂ ಆ ವಲಯದಲ್ಲೇ. ಆ ಹೊತ್ತಿನಲ್ಲಿ ಅಲ್ಲಿ ಸಲಹೆಗಾರರಾಗಿದ್ದ ಅಮೆರಿಕದ ಮರೀನ್ ಅಧಿಕಾರಿ ಜೆರಾಲ್ಡ್ ಟರ್ಲಿ 1985ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಕಟುವಾಗಿ ಟೀಕಿಸಿದ್ದಾರೆ. ವಲಯದಿಂದ ಆದ ಹಾನಿ ಎಷ್ಟೆಂಬುದರಲ್ಲಿ ಇತರರು ಅವರೊಡನೆ ಭಿನ್ನಾಭಿಪ್ರಾಯ ಉಳ್ಳವರು. ವಲಯವಿತ್ತು ಎಂಬುದರಲ್ಲಿ ಮಾತ್ರ ವಿವಾದವಿಲ್ಲ. ಒಬ್ಬ ಅಮೆರಿಕನ್ ಅಧಿಕಾರಿಗಾಗಿ ಒಂದಿಡೀ ಡಿವಿಜನ್ನಿನ ಕೈ ಕಟ್ಟುವುದು ಸರಿಯೇ? ಚಿತ್ರದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.

ಒಂದು ಆಕ್ಷೇಪಣೆ

ಸಿನಿಮಾ ಇತಿಹಾಸವಲ್ಲ, ಅದರಿಂದ ದಿನಾಂಕವಾರು ವರದಿ ಕೇಳುವುದು ಅರಸಿಕತನ ಎಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ನಮ್ಮ ಪುರಾಣ ಪ್ರಸಂಗಗಳನ್ನು ಯಕ್ಷಗಾನದ ಭಾಗವತರು ಒಂದು ರೀತಿ ಬೆಳೆಸುತ್ತಾರೆ, ಹರಿಕಥೆಯ ದಾಸರು ಇನ್ನೊಂದು ರೀತಿ. ಅದಕ್ಕೆ ನಾವು ತಗಾದೆ ಮಾಡುವುದಿಲ್ಲ. ಆದರೆ ಹನುಮಂತ ಹಾರಿದ ಸಮುದ್ರವನ್ನು ಬೇರೆ ಯಾರೋ ಹಾರಿದರೆಂದು ಯಾವ ಭಾಗವತರೂ ಹೇಳುವುದಿಲ್ಲ. ಬೆಳೆಸುವುದು ಬೇರೆ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದು ಬೇರೆ. ಅದೂ ಚಿತ್ರ ತಯಾರಾದಾಗ ಆ ಮನುಷ್ಯರು ಬದುಕಿದ್ದರು. ಸತ್ತವರ ಹೆಂಡಿರು ಮಕ್ಕಳು ಬದುಕಿದ್ದರು. ನಿಜದ ಘಟನೆಯೆಂದು ಹೇಳಿಕೊಂಡು ಟಿಕೆಟು ಮಾರಿದ ಮೇಲೆ ನಿಜದ ಋಣವೂ ಸ್ವಲ್ಪ ಇರುತ್ತದೆ.

ಇನ್ನು, ರಸದ ದೃಷ್ಟಿಯಿಂದ ನೋಡಿದರೂ ಚಿತ್ರ ಕಳೆದುಕೊಂಡದ್ದೇ ಹೆಚ್ಚು. ಗುಪ್ತಭಾಷೆಯ ವಿಷಯವನ್ನೇ ತೆಗೆದುಕೊಳ್ಳಿ. ಗಾಲ್ಫ್ ಮೈದಾನದ ಉಪಾಯ ನಿಜವಾದದ್ದು. ಚಿತ್ರ ಅದನ್ನು ಚೆನ್ನಾಗಿ ಬಳಸಿಕೊಂಡಿದೆ. ಆದರೆ ಮಾರ್ಕ್ ಕ್ಲಾರ್ಕ್ ಅವರಿಗೆ ಕಳುಹಿಸಿದ ಸಂದೇಶ ಇನ್ನೂ ಸೊಗಸಾದದ್ದು. ಅವರು ಐಡಾಹೊ ಸೀಮೆಯವರು. ಅಲ್ಲಿ ಹರಿಯುವುದು ಸ್ನೇಕ್ ನದಿ. ‘ಸ್ನೇಕ್’ ಸೇರು ಎಂದರೆ ಹತ್ತಿರದ ನದಿಗೆ ಇಳಿ ಎಂದು ಅವರಿಗೆ ಅರ್ಥವಾಯಿತು. ಈಜುಗಾರ್ತಿ ನಟಿ ಎಸ್ತರ್ ವಿಲಿಯಮ್ಸ್ ಹೆಸರು ಹೇಳಿದರೆ ಈಜು ಎಂದರ್ಥ. ಬಾಸ್ಟನ್ ಕಡೆಗೆ ಎಂದರೆ ಪೂರ್ವಕ್ಕೆ. ಇಂಗ್ಲಿಷ್ ಬಲ್ಲ ಶತ್ರುವಿಗೂ ಇದು ತಿಳಿಯದು, ಏಕೆಂದರೆ ಅದು ಬರೀ ಭಾಷೆಯಲ್ಲ, ಹುಟ್ಟಿದೂರಿನ ನೆನಪು. ಸರೋಜಿನಿ ನಗರದ ಮಾರುಕಟ್ಟೆಯಲ್ಲಿ ಅಂಗಡಿಯವನ ಮುಂದೆಯೇ ಕನ್ನಡದಲ್ಲಿ ಬೆಲೆಯ ಸಮಾಲೋಚನೆ ಮಾಡುವ ನಮ್ಮ ಗೃಹಿಣಿಯರಿಗೆ ಈ ಯುಕ್ತಿಯ ರುಚಿಯನ್ನು ವಿವರಿಸಬೇಕಾಗಿಲ್ಲ. ಇದನ್ನೆಲ್ಲ ಬಿಟ್ಟು ಚಿತ್ರ ಕೊನೆಯ ಭಾಗದಲ್ಲಿ ಸಾಮಾನ್ಯ ಸ್ಫೋಟಗಳ, ಓಟದ ದಾರಿ ಹಿಡಿದದ್ದು ಬಡತನವೇ ಸರಿ. ಇಬ್ಬರು ಮನುಷ್ಯರು ಒಂದು ಹಳೆಯ ದೋಣಿಯಲ್ಲಿ, ಕತ್ತಲಲ್ಲಿ, ದಡದ ಮೇಲೆ ಶತ್ರುಗಳ ಮಾತು ಕೇಳುತ್ತ, ಹುಟ್ಟಿನ ಸದ್ದಾಗದಂತೆ ಸಾಗುವ ದೃಶ್ಯಕ್ಕಿಂತ ಹೆಚ್ಚಿನ ನಾಟಕ ಯಾವ ನಿರ್ದೇಶಕನಿಗೆ ಬೇಕಿತ್ತು?

ಈ ಕಥೆಗೆ ಇನ್ನೊಂದು ಮುಂದುವರಿಕೆಯೂ ಇದೆ. ಅದೇ ವರ್ಷ ಅಕ್ಟೋಬರ್ 31ರಂದು ಬೇರೊಂದು ಕಾರ್ಯಾಚರಣೆಯಲ್ಲಿ ನಾರಿಸ್ ಅವರ ತಲೆಗೇ ಗುಂಡು ಬಿತ್ತು. ಸತ್ತರೆಂದೇ ಜೊತೆಯವರು ತಿಳಿದರು. ಮೈಕೆಲ್ ಥಾರ್ನ್‌ಟನ್ ಎಂಬ ಸಹೋದ್ಯೋಗಿ ಗುಂಡಿನ ಮಧ್ಯೆ ಹಿಂದಕ್ಕೆ ಓಡಿ, ಅವರನ್ನು ಎತ್ತಿಕೊಂಡು ಸಮುದ್ರಕ್ಕಿಳಿದು, ಗಂಟೆಗಟ್ಟಲೆ ಈಜಿ ಉಳಿಸಿದರು. ಆ ಕೆಲಸಕ್ಕೆ ಅವರಿಗೂ ಮೆಡಲ್ ಆಫ್ ಆನರ್ ಬಂತು. ನಾರಿಸ್ ಒಂದು ಕಣ್ಣು ಕಳೆದುಕೊಂಡರು. ಆದರೂ ಮುಂದೆ ಎಫ್.ಬಿ.ಐ. ಸಂಸ್ಥೆಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದರು.

ಹನ್ನೊಂದು ಮತ್ತು ಒಂದು

ಒಬ್ಬರಿಗಾಗಿ ಹನ್ನೊಂದು ಮಂದಿ ಸಾಯುವುದು ಸರಿಯೇ? ಬರೀ ಅಂಕಗಣಿತದಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಬಿದ್ದರೆ ನಮ್ಮವರು ಬಂದೇ ಬರುತ್ತಾರೆ ಎಂಬ ನಂಬಿಕೆ ಇಲ್ಲದೆ ಯಾವ ಚಾಲಕನೂ ಶತ್ರುವಿನ ಆಕಾಶಕ್ಕೆ ಧೈರ್ಯವಾಗಿ ಹಾರಲಾರ. ಆ ನಂಬಿಕೆಯನ್ನು ಉಳಿಸಿಕೊಳ್ಳಲು ಸೈನ್ಯ ದುಬಾರಿ ಬೆಲೆ ಕೊಡುತ್ತದೆ. ಹೋದವರಿಗೂ ಇದು ಗೊತ್ತಿತ್ತು. ಅದೇ ವೇಳೆ, ಎಲ್ಲಿ ನಿಲ್ಲಿಸಬೇಕೆಂದು ಹೇಳಬೇಕಾದವರೂ ಒಬ್ಬರು ಬೇಕು. ಹೆಲಿಕಾಪ್ಟರ್ ಬೇಡವೆಂದ ಏಬ್ರಮ್ಸ್ ಕಟುಕರಲ್ಲ.  ಆಕಾಶದ ದಾರಿ ಮುಚ್ಚಿದ ಮೇಲೆಯೇ ದೋಣಿಯ ದಾರಿ ತೆರೆಯಿತು. ತಮ್ಮ ಕಣ್ಣೆದುರೇ ಜಾಲಿ ಗ್ರೀನ್ ಉರಿದು ಬಿದ್ದದ್ದನ್ನು ಕಂಡ ಹ್ಯಾಂಬಲ್‌ಟನ್, 2004ರಲ್ಲಿ ತೀರಿಕೊಳ್ಳುವವರೆಗೂ ಆ ಭಾರವನ್ನು ಹೊತ್ತೇ ಬದುಕಿದರೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಇಷ್ಟು ದೊಡ್ಡ ಧರ್ಮಸಂಕಟ ಕೈಗೆ ಸಿಕ್ಕಿದ್ದರೂ ಚಿತ್ರ ಅದನ್ನು ಮುಟ್ಟಿ ಬಿಟ್ಟಿತು.

ನಮ್ಮ ದೇಶಕ್ಕೂ ಈ ಪ್ರಶ್ನೆ ಹೊರಗಿನದಲ್ಲ. 1999ರ ಮೇ 27ರಂದು ಕಾರ್ಗಿಲ್ ಯುದ್ಧದಲ್ಲಿ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಅವರ ಮಿಗ್-27 ವಿಮಾನದ ಎಂಜಿನ್ ಕೆಟ್ಟು ಅವರು ಪ್ಯಾರಾಶೂಟಿನಲ್ಲಿ ಇಳಿಯಬೇಕಾಯಿತು. ಅವರು ಎಲ್ಲಿ ಬಿದ್ದರೆಂದು ಗುರುತಿಸಲು ಸ್ಕ್ವಾಡ್ರನ್ ಲೀಡರ್ ಅಜಯ್ ಅಹೂಜಾ ತಮ್ಮ ಮಿಗ್-21ರಲ್ಲಿ ಅಪಾಯದ ಪ್ರದೇಶದ ಮೇಲೆಯೇ ಉಳಿದರು. ಕ್ಷಿಪಣಿ ತಗಲಿತು. ನಚಿಕೇತ ಸೆರೆಯಾಗಿ ಅನಂತರ ಹಿಂದಿರುಗಿ ಬಂದರು, ಅಹೂಜಾ ಬರಲಿಲ್ಲ. ಅವರಿಗೆ ಮರಣೋತ್ತರ ವೀರಚಕ್ರ ಸಂದಿತು. ನಾಳೆ ಯಾರಾದರೂ ಇದನ್ನು ಚಿತ್ರ ಮಾಡಿ, ಕಥೆ ಚುಟುಕಾಗಲೆಂದು ಇಬ್ಬರನ್ನೂ ಒಬ್ಬನೇ ನಾಯಕನನ್ನಾಗಿ ಮಾಡಿ, ಕೊನೆಗೆ ಅವನನ್ನು ಹೂಮಾಲೆಯೊಡನೆ ಮನೆಗೆ ಕಳುಹಿಸಿದರೆ ನಾವು ಒಪ್ಪುತ್ತೇವೆಯೇ? ಖಂಡಿತ ಇಲ್ಲ. ನಮ್ಮವರ ವಿಷಯದಲ್ಲಿ ಒಪ್ಪದ್ದನ್ನು ಕಿಯೆಟ್ ವಿಷಯದಲ್ಲಿ ಒಪ್ಪುವುದೂ ಸಲ್ಲದು.

ಒಟ್ಟಿನಲ್ಲಿ ‘ಬ್ಯಾಟ್ 21’ ನೋಡಬಾರದ ಚಿತ್ರವಲ್ಲ. ಅಭಿನಯಕ್ಕಾಗಿ, ಕಾಡಿನಲ್ಲಿ ಒಂಟಿಯಾದ ಮನುಷ್ಯನ ಭಯವನ್ನು ಪ್ರಾಮಾಣಿಕವಾಗಿ ತೋರಿಸಿದ್ದಕ್ಕಾಗಿ ಒಮ್ಮೆ ನೋಡಬಹುದು. ಮಕ್ಕಳೊಡನೆ ನೋಡುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಚಿತ್ರ ಮುಗಿದ ಕೂಡಲೇ ಎದ್ದು ಊಟಕ್ಕೆ ಹೋಗಬೇಡಿ. ಹತ್ತು ನಿಮಿಷ ಕುಳಿತು ಉಳಿದ ಕಥೆಯನ್ನು ಹೇಳಿ: ಜಾಲಿ ಗ್ರೀನ್ ಹೆಲಿಕಾಪ್ಟರಿನ ಆರು ಮಂದಿಯನ್ನು, ಹದಿನೆಂಟನೆಯ ತಾರೀಖಿನವರೆಗೂ ಕಾದ ವಾಕರ್ ಅವರನ್ನು, ನಾರಿಸ್ ಅವರನ್ನು, ತನ್ನದಲ್ಲದ ದೇಶದ ಒಬ್ಬ ಮುದುಕನಿಗಾಗಿ ದೋಣಿ ಹತ್ತಿದ ಕಿಯೆಟ್ ಅವರನ್ನು ಕುರಿತು. ಹುಡುಗರು ಪ್ರಶ್ನೆ ಕೇಳುತ್ತಾರೆ. ಕೇಳಲಿ.